ಡೋಣಿ ಸಾಲಿನ ಹಳ್ಳಿ: ಎರಿ ಹೊಲಕ್ಕೆ, ಮಡ್ಡಿ ಮನೆಗೆ, ಸವಳು ಮಾಳಿಗಿಗೆ

ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸಾಲಿನ ಹಳೆಯ ಹಳ್ಳಿಗಳು ಹೆಚ್ಚಾಗಿ ಹೊಳೆಗೆ ಅಂಟಿಕೊಂಡು ಕೂತಿಲ್ಲ. ಹೊಳೆ, ಅದರ ಮಗ್ಗುಲಿಗೆ ಬೆಳ್ಳಗೆ ಸವಳು (ಲವಣ ತುಂಬಿದ ಮಣ್ಣು) ಎದ್ದ ಪಟ್ಟಿ, ಆಮೇಲೆ ಕಣ್ಣು ಹಾಯುವಷ್ಟು ದೂರ ಎರಿ (ಕಪ್ಪು ಜೇಡಿಮಣ್ಣು) ಹೊಲ, ಅದು ಮುಗಿದು ನೆಲ ತುಸು ಏರುವ ಕಡೆ ಮಡ್ಡಿ (ಗಟ್ಟಿ ದಿಬ್ಬದ ನೆಲ). ಊರು ಇರುವುದು ಆ ಮಡ್ಡಿಯ ಮೇಲೆ. ಅಗಸಿ (ಊರಬಾಗಿಲು), ಹನುಮಂತದೇವರ ಗುಡಿ, ಚಾವಡಿ, ಒಂದಕ್ಕೊಂದು ಹೆಗಲು ಹಚ್ಚಿ ನಿಂತ ಮಾಳಿಗಿ (ಮಣ್ಣಿನ ಸಪಾಟು ಚಾವಣಿಯ) ಮನೆಗಳು, ಊರ ಹೊರಗೆ ಕಣಕಿಯ (ಜೋಳದ ಒಣ ದಂಟಿನ) ಬಣವಿಗಳು, ನಡುನಡುವೆ ಬೇವಿನ ಗಿಡ.

ಚೆಂದಕ್ಕೆಂದು ಯಾರೂ ಹೀಗೆ ಜೋಡಿಸಿದ್ದಲ್ಲ. ಇಲ್ಲಿ ಸಿಗುವ ಮೂರು ಥರದ ಮಣ್ಣಿಗೆ ಹಿರಿಯರು ಮೂರು ಕೆಲಸ ಹಚ್ಚಿದರು. ಎರಿಯಲ್ಲಿ ಬಿತ್ತಿದರು, ಮಡ್ಡಿಯಲ್ಲಿ ಮನೆ ಕಟ್ಟಿದರು, ಕಾಳು ತುಂಬಿಡುವ ನೆಲಗುಳಿ ಹಗೇವು ತೋಡಿದರು, ಯಾವ ಬೆಳೆಯೂ ಬಾರದ ಸವಳನ್ನು ಹೊತ್ತು ತಂದು ಮಾಳಿಗಿಗೆ ಹಾಕಿದರು. ಈ ಮೂರರ ಜಾಗ ಅದಲುಬದಲಾದರೆ ಗೋಡೆ ಬಿರಿಯುತ್ತದೆ, ಮನೆ ಸೋರುತ್ತದೆ, ಹೊಲ ಕೆಡುತ್ತದೆ. ಹಳೇ ಮನೆ ಉಳಿಸಿಕೊಳ್ಳಬೇಕೆನ್ನುವವರೂ ಹೊಸ ಮನೆ ಕಟ್ಟುವವರೂ ಈಗ ಹೆಚ್ಚಾಗಿ ಎಡವುತ್ತಿರುವುದು ಇಲ್ಲೇ ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಡೋಣಿ ಹುಟ್ಟುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ. ವಿಜಯಪುರ ಜಿಲ್ಲೆಯನ್ನು ಅಡ್ಡ ಹಾಯ್ದು, ತಾಳಿಕೋಟೆ ದಾಟಿ, ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಗೆ ಕೂಡುತ್ತದೆ. ಇದರ ನೀರು ಸವಳು. ಈ ಕಡೆಯ ಕರಿಕಲ್ಲು ಸವೆದು ಎರಿ ಮಣ್ಣಾಗುವಾಗ ಅದರೊಳಗಿನ ಲವಣಗಳು ಬಿಡುಗಡೆಯಾಗುತ್ತವೆ. ಮಳೆ ಹೆಚ್ಚಿರುವ ಸೀಮೆಯಲ್ಲಿ ಅವು ತೊಳೆದು ಸಮುದ್ರ ಸೇರುತ್ತವೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಅಷ್ಟು ಮಳೆ ಲವಣವನ್ನು ತಗ್ಗಿನವರೆಗೆ ಇಳಿಸುತ್ತದೆ, ಅಲ್ಲಿಂದ ಮುಂದೆ ಸಾಗಿಸುವ ತ್ರಾಣ ಅದಕ್ಕಿಲ್ಲ. ಹಾಗಾಗಿ ಹೊಳೆಯ ಸಾಲಿನಲ್ಲಿ, ಹಳ್ಳಗಳ ಕೂಡುಗಳಲ್ಲಿ ಬೇಸಿಗೆ ಬಂತೆಂದರೆ ನೆಲದ ಮೇಲೆ ಬಿಳಿ ಪುಡಿ ಏಳುತ್ತದೆ.

ಊರಿಗೆ ಮಡ್ಡಿಯೇ ಯಾಕೆ ಬೇಕು ಎನ್ನುವುದಕ್ಕೆ ಎರಿಯ ಗುಣವೇ ಕಾರಣ. ಎರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಅಂಗೈ ಇಳಿಯುವಷ್ಟು ಅಗಲ, ಮೂರಡಿ ಆಳದ ಬಿರುಕು ಬಿಡುತ್ತವೆ. ಅಂಥ ನೆಲದ ಮೇಲೆ ಎರಡಡಿ ಆಳದ ಪಾಯ ಹಾಕಿ ಕಟ್ಟಿದ ಗೋಡೆಯನ್ನು ನೆಲ ಪ್ರತಿವರ್ಷ ಎತ್ತಿ ಇಳಿಸುತ್ತದೆ. ಮೊದಲು ಬಿರುಕು ಬಿಡುವುದು ಕಿಟಕಿ, ಬಾಗಿಲುಗಳ ಮೂಲೆಯಿಂದ, ಓರೆಯಾಗಿ. ಮಳೆಗಾಲದಲ್ಲಿ ಅದು ಸಣ್ಣದಾಗಿ ಬೇಸಿಗೆಯಲ್ಲಿ ಮತ್ತೆ ಬಾಯಿ ತೆರೆಯುತ್ತಿದ್ದರೆ ಕೆಲಸ ಎರಿಯದ್ದೇ ಎಂದು ಖಾತ್ರಿಯಾಗಿ ಹೇಳಬಹುದು. ಸಿಮೆಂಟು ಮೆತ್ತಿ ಅದನ್ನು ಮುಚ್ಚಿದರೆ ಮರುವರ್ಷ ಪಕ್ಕದಲ್ಲಿ ಇನ್ನೊಂದು ಬಿಡುತ್ತದೆ.

ಹಳಬರು ಗರಸು (ಗಟ್ಟಿಯಾದ ಜಲ್ಲಿಮಣ್ಣು) ಕಾಣುವವರೆಗೆ ಅಗೆದು ಪಾಯ ಹಾಕುತ್ತಿದ್ದರು. ಮಡ್ಡಿಯಲ್ಲಿ ಗರಸು ಎರಡು ಮೂರಡಿಗೇ ಸಿಗುತ್ತದೆ. ಈಗ ಊರು ಬೆಳೆದು ಎರಿಗೆ ಇಳಿದಿದೆ, ಪ್ಲಾಟುಗಳು ಬಿದ್ದಿವೆ. ಎರಿಯಲ್ಲೇ ಕಟ್ಟುವುದು ಅನಿವಾರ್ಯವಾದರೆ ಅಂಡರ್ ರೀಮ್ಡ್ ಪೈಲ್ ಹಾಕಿಸುವುದು ಒಳ್ಳೆಯದು. ನೆಲದೊಳಗೆ ಸುಮಾರು ಮೂರೂವರೆ ಮೀಟರ್ ಕೊರೆದು, ತಳದಲ್ಲಿ ಗುಂಡಗೆ ಅಗಲಿಸಿ, ಕಂಬಿ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ತಳದ ಗುಂಡು ಕಂಬದ ಎರಡರಿಂದ ಎರಡೂವರೆ ಪಟ್ಟು ಅಗಲ. ಆ ಆಳದಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ಹಸಿ ಅಷ್ಟಾಗಿ ಬದಲಾಗದ ಕಾರಣ ಮಣ್ಣು ಅಲುಗುವುದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರಿ ನೆಲಕ್ಕೆಂದೇ ಬೆಳೆಸಿದ ಪದ್ಧತಿ ಇದು. ಪೈಲಿನ ಮೇಲೆ ಬರುವ ಬೀಮಿಗೂ ನೆಲಕ್ಕೂ ನಡುವೆ ಮೂರು ನಾಲ್ಕು ಇಂಚು ಖಾಲಿ ಬಿಡಬೇಕು, ಬಿಡದಿದ್ದರೆ ಉಬ್ಬಿದ ಎರಿ ಬೀಮನ್ನೇ ಎತ್ತುತ್ತದೆ. ಮನೆಯ ಸುತ್ತ ಮೂರು ನಾಲ್ಕಡಿ ಪರಸಿ (ಹಾಸುಗಲ್ಲು) ಹಾಸಿ, ಬಚ್ಚಲ ನೀರನ್ನು ದೂರ ಕಳಿಸಬೇಕು. ಒಂದು ಮೂಲೆ ಸದಾ ಹಸಿಯಾಗಿ ಉಳಿದ ಮೂರು ಒಣಗಿದರೆ ಎಂಥ ಪಾಯವೂ ತಡೆಯುವುದು ಕಷ್ಟ.

ಇನ್ನು ಮಾಳಿಗಿ. ಡೋಣಿ ಸಾಲಿನ ಮನೆಯಲ್ಲಿ ಅತ್ಯಂತ ಬುದ್ಧಿಯ ಕೆಲಸ ನಡೆದಿರುವುದು ನೆತ್ತಿಯ ಮೇಲೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗೋಡೆ ಕಲ್ಲು-ಮಣ್ಣಿನದು, ಎರಡರಿಂದ ಮೂರಡಿ ದಪ್ಪ. ಆದರೆ ಮಾಳಿಗಿಯ ಭಾರ ಹೊರುವುದು ಹೆಚ್ಚಾಗಿ ಒಳಗಿನ ಕಟ್ಟಿಗೆಯ ಕಂಬಗಳು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲಿ, ತೊಲಿಗೆ ಅಡ್ಡಲಾಗಿ ಒಂದೊಂದು ಅಡಿ ಅಂತರದಲ್ಲಿ ಜಂತಿ. ಬೇವು, ಜಾಲಿ ಇಲ್ಲೇ ಸಿಗುವ ಕಟ್ಟಿಗೆ. ಅನುಕೂಲಸ್ಥರು ಸಾಗವಾನಿ ತರಿಸುತ್ತಿದ್ದರು. ಜಂತಿಯ ಮೇಲೆ ಸೀಳಿದ ಕಟ್ಟಿಗೆಯ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸಿ, ಅದರ ಮೇಲೆ ತೊಗರಿ ಕಟಗಿ, ಅದರ ಮೇಲೆ ಬೇವಿನ ತೊಪ್ಪಲು ಅಥವಾ ಲಕ್ಕಿ ತೊಪ್ಪಲು ದಟ್ಟವಾಗಿ ಹಾಸುತ್ತಾರೆ. ಆ ತೊಪ್ಪಲಿನ ಕಹಿಗೆ ಗೆದ್ದಲು ದೂರ ಇರುತ್ತದೆ, ಮೇಲಿನ ಮಣ್ಣೂ ಸಂದಿಯಿಂದ ಉದುರುವುದಿಲ್ಲ. ಇದರ ಮೇಲೆ ಕೆಸರಿನ ಒಂದು ಪದರ, ಅದು ಒಣಗಿದ ಮೇಲೆ ಆರರಿಂದ ಒಂಬತ್ತಿಂಚು ಹಾಳಮಣ್ಣು (ಹಳೇ ಬಿದ್ದ ಮನೆಯ ಮಣ್ಣು) ಅಥವಾ ಗರಸು ಬೆರೆತ ಮಣ್ಣು, ಕಡೆಗೆ ಎರಡಿಂಚು ಸವಳು ಮಣ್ಣು. ಮಳೆಯನ್ನು ತಡೆಯುವುದು ಈ ಕಡೆಯ ಎರಡಿಂಚು. ಕೆಳಗಿನದೆಲ್ಲ ಬಿಸಿಲು ತಡೆಯಲಿಕ್ಕೆ. ಮಧ್ಯಾಹ್ನದ ಕಾವು ಒಂದಡಿ ಮಣ್ಣು ದಾಟಿ ಒಳಗೆ ಇಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಅಷ್ಟೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗಿ ಏರಿರುತ್ತಾರೆ.

ಇಲ್ಲಿ ಎರಿ ಬೇಡ, ಸವಳೇ ಬೇಕು. ಎರಿ ಹಾಕಿದರೆ ಬೇಸಿಗೆಯಲ್ಲಿ ಬಿರಿದು, ಮೊದಲ ಮಳೆಯ ನೀರೆಲ್ಲ ಬಿರುಕಿನಿಂದ ನೇರ ಜಂತಿಗೆ ಇಳಿಯುತ್ತದೆ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಸೋಡಿಯಂ ಹಿಡಿದ ಜೇಡಿಯ ಕಣಗಳು ನೀರು ತಾಗಿದೊಡನೆ ಒಂದರಿಂದೊಂದು ಬಿಟ್ಟು ಹರಡಿಕೊಂಡು, ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ ಹೋಗಿ ಕೂಡುತ್ತವೆ. ತೂತು ಮುಚ್ಚಿತೆಂದರೆ ಮೇಲಿನ ಅರ್ಧ ಇಂಚು ಮಾತ್ರ ನೆನೆದು, ಉಳಿದ ನೀರು ಜಾರಿ ಹೋಗುತ್ತದೆ. ಹೊಲದಲ್ಲಿ ಬೇರಿಗೆ ನೀರು ಇಳಿಯಗೊಡದೆ ಬೆಳೆ ಕೊಲ್ಲುವ ಗುಣ ಮಾಳಿಗಿಯ ಮೇಲೆ ಮನೆ ಕಾಯುತ್ತದೆ.

ಬೆಳ್ಳಗಿದ್ದದ್ದೆಲ್ಲ ಮಾಳಿಗಿಗೆ ಬರುವ ಸವಳಲ್ಲ, ಇದನ್ನು ಚೆನ್ನಾಗಿ ನೆನಪಿಡಬೇಕು. ಕೆಲವು ಕಡೆ ಬರೀ ಉಪ್ಪು ಹೆಚ್ಚಿರುತ್ತದೆ, ಅಂಥ ಮಣ್ಣು ಕದಡದೆ ಮುದ್ದೆಯಾಗಿ ಕೂಡುತ್ತದೆ, ನೀರು ಸಲೀಸಾಗಿ ಕೆಳಗಿಳಿಯುತ್ತದೆ. ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಫಿಲ್ಟರ್ ನೀರು ತೆಗೆದುಕೊಳ್ಳಿ. ಬಾವಿಯ ನೀರು ಬೇಡ, ಅದರಲ್ಲಿರುವ ಸುಣ್ಣದ ಅಂಶ ಪರೀಕ್ಷೆಯನ್ನೇ ಕೆಡಿಸುತ್ತದೆ. ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ನೀರಿಗೆ ಬಿಡಿ, ಅಲ್ಲಾಡಿಸಬೇಡಿ. ಹತ್ತು ನಿಮಿಷದಲ್ಲಿ ಹೆಂಟೆಯ ಸುತ್ತ ಹಾಲು ಬಿಟ್ಟಂತೆ ಮಬ್ಬು ಹಬ್ಬಿ, ಮರುದಿನ ಮುಂಜಾನೆಯೂ ನೀರು ತಿಳಿಯಾಗದಿದ್ದರೆ ಆ ಮಣ್ಣು ಮಾಳಿಗಿಗೆ ಬಂತು. ಹೆಂಟೆ ಕುಸಿದು ಪುಡಿಯಾದರೂ ಮೇಲಿನ ನೀರು ತಿಳಿಯಾಗಿಯೇ ಇದ್ದರೆ ಆ ಮಣ್ಣು ಬೇಡ. ಅನುಭವಸ್ಥರು ಈ ಮಣ್ಣನ್ನು ಮಳೆ ಬಿದ್ದ ಮರುದಿನ ಕಾಲಿನಿಂದಲೇ ಗುರುತಿಸುತ್ತಾರೆ: ಮೇಲೆ ಜಾರುತ್ತದೆ, ಎರಡಿಂಚು ಕೆಬರಿದರೆ ಒಳಗೆ ಒಣ ಮಣ್ಣು.

ಮಣ್ಣು ತರುವುದು ಬೇಸಿಗೆಯಲ್ಲಿ, ಹಾಕುವುದು ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ ಮೂರನೇ ವಾರದೊಳಗೆ. ಮೊದಲು ಮಾಳಿಗಿಯ ಹಳೇ ಪದರವನ್ನು ಒಂದಿಂಚಿನಷ್ಟು ಕೆಬರಿ ತೆಗೆಯಬೇಕು. ಈ ಕೆಲಸವನ್ನೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಒಂದಿಂಚು ಮಣ್ಣು ಎಂದರೆ ಚದರಡಿಗೆ ಸುಮಾರು 4 ಕಿಲೋ. 10 ಅಡಿಗೆ 12 ಅಡಿಯ ಅಂಕಣಕ್ಕೆ (ಕಂಬಗಳ ನಡುವಿನ ಒಂದು ಚೌಕಕ್ಕೆ) 480 ಕಿಲೋ. ಹಳೆಯದನ್ನು ತೆಗೆಯದೆ ಹತ್ತು ವರ್ಷ ಹೊಸದನ್ನು ಸುರಿಯುತ್ತ ಹೋದರೆ ಅದೇ ಅಂಕಣದ ಮೇಲೆ ಐದು ಟನ್ನಿನ ಹತ್ತಿರ ಹೆಚ್ಚಿನ ಭಾರ ಕೂಡುತ್ತದೆ. ಒಂದಡಿ ದಪ್ಪದ ಮೂಲ ಮಾಳಿಗಿಯೇ ಹೆಚ್ಚುಕಡಿಮೆ ಆರು ಟನ್. ತೊಲಿ ಮುರಿದು ಮನೆ ಬಿತ್ತೆಂದಾಗ ಎಲ್ಲರೂ ಮಳೆಯನ್ನು ಬೈಯುತ್ತಾರೆ, ನೆನೆದು ಭಾರವಾದ ಹಳೇ ಮಣ್ಣನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ನಿಮ್ಮ ಮಾಳಿಗಿಯ ದಪ್ಪ ತಿಳಿಯಬೇಕೆಂದರೆ ಬೆಳಕಿಂಡಿಯ (ಬೆಳಕಿಗೆಂದು ಮಾಳಿಗಿಯಲ್ಲಿ ಬಿಟ್ಟ ತೂತಿನ) ಅಂಚಿನಲ್ಲಿ ಅಳೆದು ನೋಡಿ. ಒಂದೂವರೆ ಅಡಿ ದಾಟಿದ್ದರೆ ಈ ಬೇಸಿಗೆಯಲ್ಲಿ ಇಳಿಸಲೇಬೇಕು. ಇಳಿಸುವಾಗ ನಡುವಿನಿಂದ ಶುರುಮಾಡಿ ಎರಡೂ ಕಡೆ ಸಮನಾಗಿ ತೆಗೆಯಿರಿ. ತೆಗೆದ ಮಣ್ಣನ್ನು ಒಂದೇ ಕಡೆ ಗುಡ್ಡೆ ಹಾಕಿದರೆ ಆ ಭಾರಕ್ಕೇ ಜಂತಿ ಮುರಿದೀತು.

ಹೊಸ ಸವಳನ್ನು ಒಣಗಿದ್ದಾಗಲೇ ಹೆಂಟೆಯೊಡೆದು ಪುಡಿಮಾಡಿ ಹರಡಬೇಕು. ಇಳಿಜಾರು ನಾಲ್ಕಡಿಗೆ ಒಂದಿಂಚು ಸಾಕು. ಅದಕ್ಕಿಂತ ಹೆಚ್ಚಾದರೆ ಮಣ್ಣೇ ಹರಿದು ಹೋಗುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ಮೊದಲ ಹದಮಳೆ ಬಿದ್ದು ಮೇಲ್ಪದರ ನೆನೆದ ಮೇಲೆ, ಕಾಲಿಗೆ ಅಂಟದಷ್ಟು ಆರಿದಾಗ, ಕೊಡತಿಯಿಂದ (ಕಟ್ಟಿಗೆಯ ಬಡಿಗೆಯಿಂದ) ಬಡಿದು ಕೂಡಿಸಬೇಕು. ತೀರ ಹಸಿ ಇದ್ದಾಗ ಬಡಿದರೆ ಕೊಡತಿಗೇ ಕಿತ್ತು ಬರುತ್ತದೆ, ಒಣಗಿದ ಮೇಲೆ ಬಡಿದರೆ ಸೀಳುತ್ತದೆ.

ಸೋರುವ ಜಾಗಗಳು ಗೊತ್ತಿರುವಂಥವೇ. ಒಂದು ಬೆಳಕಿಂಡಿಯ ಸುತ್ತ: ಅಲ್ಲಿ ಅರ್ಧ ಅಡಿ ಎತ್ತರದ ಕಟ್ಟೆ ಇರಬೇಕು, ಮಳೆ ಬಂದಾಗ ಮುಚ್ಚಲಿಕ್ಕೆ ಬೋಕಿಯೋ (ಒಡೆದ ಗಡಿಗೆಯ ತುಂಡು) ಹಾಸುಗಲ್ಲೋ ಪಕ್ಕದಲ್ಲೇ ಇರಬೇಕು. ಇನ್ನೊಂದು ಕುಂಬಿಯೂ (ಮಾಳಿಗಿಯ ಅಂಚಿನ ಗಿಡ್ಡ ಗೋಡೆ) ಮಾಳಿಗಿಯೂ ಕೂಡುವ ಮೂಲೆ. ಗೋಡೆಯೂ ಮಣ್ಣೂ ಬೇರೆ ಬೇರೆಯಾಗಿ ಒಣಗುವುದರಿಂದ ಅಲ್ಲಿ ಸಂದು ಬಿಡುತ್ತದೆ, ಸವಳನ್ನು ನಾದಿ ಅಲ್ಲಿ ಓರೆಯಾಗಿ ಗಚ್ಚಿನಂತೆ ಒತ್ತಬೇಕು. ಮೂರನೆಯದು ಹರನಾಳಿಗಿ, ಅಂದರೆ ಮಾಳಿಗಿಯ ನೀರು ಹೊರಗೆ ಬೀಳುವ ಕೊಳವೆ. ಅದು ಗೋಡೆಯಿಂದ ಎರಡಡಿಯಾದರೂ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ನೀರು ಗೋಡೆಯ ಮೈಮೇಲೆ ಇಳಿದು ಬುಡ ತಿನ್ನುತ್ತದೆ. ಶ್ರಾವಣದಲ್ಲಿ ಮಾಳಿಗಿಯ ಮೇಲೆ ಹುಲ್ಲು ಹುಟ್ಟುತ್ತದೆ, ಎಳೆಯದಿದ್ದಾಗಲೇ ಬೇರು ಸಮೇತ ಕೀಳಬೇಕು. ಬೀಜ ಬಿಟ್ಟ ಮೇಲೆ ಕಿತ್ತರೆ ಮರುವರ್ಷಕ್ಕೆ ಹತ್ತು ಪಟ್ಟು, ಬೇರು ಕೊಳೆತಲ್ಲೆಲ್ಲ ನೀರಿಗೆ ದಾರಿ. ಓಣಿಯಲ್ಲಿ ಹಿರಿಯರು ಮಾತಿಗೆ ನಿಂತಾಗ "ಯಾಕಪಾ ತಮ್ಮಾ, ಮಾಳಿಗಿ ಮ್ಯಾಲಿನ ಹುಲ್ಲ ಕಿತ್ತಿಲ್ಲೇನು ಇನ್ನಾ" ಎಂದು ಕೇಳುವುದು ಇದೇ ಕಾಳಜಿಗೆ.

ಪ್ಲಾಸ್ಟಿಕ್ ತಾಡಪತ್ರಿ ಹಾಸುವುದು ಈಗ ರೂಢಿ. ಮಳೆ ಹಿಡಿದು ಕುಟ್ಟುವ ನಾಲ್ಕು ದಿನಕ್ಕೆ ಅದು ತಪ್ಪಲ್ಲ. ವರ್ಷಪೂರ್ತಿ ಬಿಟ್ಟರೆ ಬಿಸಿಲಿಗೆ ಸೀಳಿ, ಸೀಳಿದಲ್ಲಿ ಇಳಿದ ನೀರು ಹೊರಗೆ ಆರದೆ ಒಳಗೇ ಉಳಿದು ಜಂತಿ ಕೊಳೆಸುತ್ತದೆ. ಮಣ್ಣಿನ ಮೇಲೆ ಸಿಮೆಂಟು ಗಿಲಾವು ಮಾಡಿಸುವುದಂತೂ ಬೇಡವೇ ಬೇಡ. ಮಣ್ಣು ಉಬ್ಬಿ ಕುಗ್ಗುತ್ತದೆ, ಸಿಮೆಂಟು ಒಗ್ಗದೆ ಬಿರಿಯುತ್ತದೆ, ಬಿರುಕಿನ ಕೆಳಗಿನ ಮಣ್ಣನ್ನು ಮತ್ತೆ ಬಡಿದು ಕೂಡಿಸಲಿಕ್ಕೂ ಬಾರದು.

ಎರಿಗೆ ಬರೋಣ. ಇಲ್ಲಿಯ ಹಿಂಗಾರಿ ಜೋಳದ ಬೇಸಾಯದ ಗುಟ್ಟು, ಬೆಳೆ ನಿಂತಿರುವಾಗ ಮಳೆಯೇ ಇರುವುದಿಲ್ಲ ಎನ್ನುವುದು. ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಬಿದ್ದ ಮಳೆಯನ್ನೆಲ್ಲ ನೆಲಕ್ಕೆ ಕುಡಿಸಿ, ಆ ಹಸಿಯ ಮೇಲೆ ಚಳಿಗಾಲದ ಬೆಳೆ ತೆಗೆಯುತ್ತಾರೆ. ಒಂದು ಮೀಟರ್ ಆಳದ ಎರಿ ಬೆಳೆಗೆ ದಕ್ಕುವಂಥ 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದರೆ ಕುಡಿಸುವುದು ಸುಲಭವಲ್ಲ. ಬೇಸಿಗೆಯ ಬಿರುಕು ತೆರೆದಿರುವವರೆಗೆ ನೀರು ಗಟಗಟ ಇಳಿಯುತ್ತದೆ, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಹರಿದು ಹೋಗುವುದೇ ಹೆಚ್ಚು. ಅದಕ್ಕೇ ಜೂನ್, ಜುಲೈನಲ್ಲಿ ಚೌಕುಮಡಿ ಮಾಡಬೇಕು: ಹತ್ತರಿಂದ ಹದಿನೈದು ಅಡಿಯ ಚೌಕ, ಸುತ್ತ ಅರ್ಧ ಅಡಿ ಎತ್ತರದ ಬದು. ಬಿದ್ದ ಮಳೆ ಬಿದ್ದಲ್ಲೇ ನಿಂತು ಮೆಲ್ಲಗೆ ಇಳಿಯುತ್ತದೆ. ಬಿತ್ತುವ ಮುಂಚೆ ಕುಂಟಿ ಹೊಡೆದರೆ ಬದು ಕರಗಿ ಹೊಲ ಸಮವಾಗುತ್ತದೆ. ಇಳಿಜಾರು ಹೆಚ್ಚಿದ್ದಲ್ಲಿ ಮಡಿ ಚಿಕ್ಕದಿರಲಿ, ದೊಡ್ಡದಾದರೆ ನೀರೆಲ್ಲ ಕೆಳಗಿನ ಮೂಲೆಗೆ ಕೂಡಿ ಬದು ಒಡೆಯುತ್ತದೆ.

ಬಿತ್ತನೆ ಉತ್ತರಿ ಮಳೆಯಿಂದ ಹಸ್ತದವರೆಗೆ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ. ಮುಂದಿನ ಚಿತ್ತಿ ಮಳೆಗೆ ಹೋದರೆ ಸುಳಿ ನೊಣದ ಕಾಟ, ಜೊತೆಗೆ ಹಾಲುಗಾಳಿನ ಹೊತ್ತಿಗೆ ಹಸಿ ತೀರಿರುತ್ತದೆ. ತಳಿ ಇಂದಿಗೂ ಹೆಚ್ಚಾಗಿ ಎಂ 35-1, ಅಂದರೆ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದ ಆರಿಸಿದ ಇದನ್ನು ರೊಟ್ಟಿಯ ರುಚಿಯಲ್ಲೂ ಕಣಕಿಯ ಸಿಹಿಯಲ್ಲೂ ಹಿಂದಿಕ್ಕುವುದು ಹೊಸ ತಳಿಗಳಿಗೆ ಸುಲಭವಾಗಿಲ್ಲ. ಎಕರೆಗೆ 3 ಕಿಲೋ ಬೀಜ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಬೀಜವನ್ನು ಎಂಟು ತಾಸು ನೆನೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ ಬಿತ್ತಿದರೆ ಸಸಿ ಬರ ತಡೆಯುತ್ತದೆ. ಬೀಜ ಹಸಿ ಮಣ್ಣಿಗೇ ತಾಗಬೇಕು. ಮೇಲಿನ ಎರಡಿಂಚು ಆರಿದ್ದರೆ ಕೂರಿಗಿ ಅಷ್ಟು ಆಳ ಇಳಿಯಬೇಕು, ಹಿಂದೆಯೇ ಕುಂಟಿ ಹಾಯಿಸಿ ಸಾಲು ಮುಚ್ಚಬೇಕು.

ಬಿತ್ತಿ ಮೂರು, ಐದು, ಎಂಟು ವಾರಕ್ಕೆ ಎಡಿ (ಸಾಲುಗಳ ನಡುವೆ ಕುಂಟಿ) ಹೊಡೆಯುತ್ತಾರೆ. ಮೊದಲ ಎರಡು ಕಸಕ್ಕೆ. ಮೂರನೆಯದು ಕಸಕ್ಕಲ್ಲ, ಆಗ ಬಿಡಲು ಶುರುವಾದ ಬಿರುಕುಗಳನ್ನು ಪುಡಿಮಣ್ಣಿನಿಂದ ತುಂಬಲಿಕ್ಕೆ. ತುಂಬದೆ ಬಿಟ್ಟರೆ ಹಸಿ ಬಿರುಕಿನ ಗೋಡೆಗಳಿಂದಲೂ ಆವಿಯಾಗುತ್ತದೆ, ಬೇರೂ ಹರಿಯುತ್ತದೆ. ಜೋಳ ಆಗ ಎತ್ತರವಿರುವುದರಿಂದ ಎತ್ತುಗಳ ಬಾಯಿಗೆ ಕುಕ್ಕಿ ಕಟ್ಟಿ ಹೊಡೆಯಬೇಕು. ಎತ್ತು ಇಲ್ಲದ ಮನೆಗಳಲ್ಲಿ ಈ ಮೂರನೇ ಎಡಿ ತಪ್ಪಿಹೋಗುತ್ತಿದೆ, ಟ್ರ್ಯಾಕ್ಟರ್ ಆ ಬೆಳೆಯೊಳಗೆ ಹೋಗುವಂತಿಲ್ಲ. ಅದರ ಬೆಲೆ ಜನವರಿಯಲ್ಲಿ ಗೊತ್ತಾಗುತ್ತದೆ: ಕಾಳು ಕಟ್ಟುವಾಗ ಹಸಿ ಕಡಿಮೆಯಾದರೆ ದಂಟಿನ ಬುಡ ಕಪ್ಪಾಗಿ ಕೊಳೆತು ಬೆಳೆ ನೆಲಕ್ಕೆ ಮಲಗುತ್ತದೆ. ದಂಟು ಸೀಳಿದರೆ ಒಳಗೆ ಇದ್ದಿಲ ಪುಡಿಯಂಥ ಕಪ್ಪು ಚುಕ್ಕೆ. ಆ ಹೊತ್ತಿಗೆ ಯಾವ ಔಷಧಿಯೂ ಇಲ್ಲ. ಸಸಿಗಳನ್ನು ಅರ್ಧ ಅಡಿಗೊಂದರಂತೆ ತೆಳುವಾಗಿಸುವುದು, ವೇಳೆಗೆ ಬಿತ್ತುವುದು, ಯೂರಿಯಾ ಅತಿಯಾಗಿ ಸುರಿಯದಿರುವುದು, ಉಪಾಯ ಇಷ್ಟೇ.

ಹೊಲದ ಅಂಚಿಗೆ ಕುಸುಬಿ ಹಾಕುವುದು ಮುಳ್ಳಿಗೆ, ದನ ಒಳಗೆ ಬರುವುದಿಲ್ಲ. ಕಡಲಿಯ ಕುಡಿಯನ್ನು ಬಿತ್ತಿ ತಿಂಗಳಾದ ಮೇಲೆ ಚಿವುಟಿದರೆ ಟೊಂಗೆ ಹೆಚ್ಚುತ್ತವೆ, ಚಿವುಟಿದ್ದು ಪಲ್ಲೆಯಾಗುತ್ತದೆ. ಬೆಳಗಿನ ಇಬ್ಬನಿಯಲ್ಲಿ ತೆಳ್ಳನೆಯ ಬಿಳಿ ಧೋತರವನ್ನು ಕಡಲಿ ಗಿಡದ ಮೇಲೆ ಎಳೆದು ಹಿಂಡಿದರೆ ಬರುವ ಹುಳಿಯನ್ನು ಹೊಟ್ಟೆನೋವಿಗೆಂದು ಶೀಶೆಯಲ್ಲಿ ಇಟ್ಟುಕೊಳ್ಳುವ ರೂಢಿ ಹಳೆಯದು. ಎಳ್ಳ ಅಮಾವಾಸ್ಯೆಗೆ ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲುವಾಗ ಹೊಲ ತುಂಬಿದ ಬಸುರಿ ಎಂದು ಪೂಜೆ. ಸಜ್ಜಿ ಕಡಬು, ಶೇಂಗಾ ಹೋಳಿಗಿ, ಎಣಗಾಯಿ, ಪುಂಡಿಪಲ್ಲೆ, ಮೊಸರಬುತ್ತಿ ಬುಟ್ಟಿಯಲ್ಲಿ ಹೊಲಕ್ಕೆ ಬರುತ್ತವೆ. ಅದಾದ ಕೆಲವೇ ವಾರಕ್ಕೆ ಸೀತನಿ, ಅಂದರೆ ಸುಟ್ಟು ತಿನ್ನುವ ಎಳೆಗಾಳಿನ ಜೋಳದ ತೆನಿ.

ಫೆಬ್ರವರಿಯಲ್ಲಿ ಇಲ್ಲಿ ಜೋಳ ಕೊಯ್ಯುವುದಕ್ಕಿಂತ ಕೀಳುವುದೇ ರೂಢಿ. ನೆಲ ಬಿರಿದು ಬೇರು ಸಡಿಲಾಗಿರುತ್ತದೆ, ಬುಡದವರೆಗಿನ ಕಣಕಿ ದನಕ್ಕೆ ದಕ್ಕುತ್ತದೆ. ಸೂಡು ಕಟ್ಟಿ, ತೆನಿ ಮುರಿದು, ರಾಶಿ. ಒಳ್ಳೆಯ ಎರಿಯಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಾಲ್ ಬಂದರೆ ಹಿಂಗಾರಿ ಚಲೋ ಆಯಿತೆಂದೇ ಅರ್ಥ. "ಡೋಣಿ ಹರಿದರ ಓಣೆಲ್ಲ ಕಾಳು" ಎನ್ನುವ ಮಾತಿನ ಲೆಕ್ಕವೂ ಇದೇ: ಸೆಪ್ಟೆಂಬರಿನಲ್ಲಿ ಹೊಳೆ ಹರಿಯುವಷ್ಟು ಮಳೆಯಾದರೆ ಎರಿ ಆಳದವರೆಗೆ ಹಸಿಯಾಗಿದೆ ಎಂದಾಯಿತು. ಈಗ ಹೊಳೆಯ ಪಾತ್ರ ಹೂಳು ತುಂಬಿ, ಜಾಲಿ ಬೆಳೆದು, ತುಸು ಹೆಚ್ಚು ಹರಿದರೂ ನೀರು ಹೊಲಕ್ಕೆ ನುಗ್ಗಿ ನಿಲ್ಲುತ್ತದೆ. ಮಾತಿನಲ್ಲಿ ಹೇಳಿದ ಹರಿವು ಅದಲ್ಲ.

ಓಣಿಯ ಕಾಳು ಹಗೇವಿಗೆ ಹೋಗುತ್ತಿತ್ತು. ಹಗೇವು ಎರಿಯಲ್ಲಿ ತೋಡಿದರೆ ಗೋಡೆ ಹಸಿ ಹೀರಿ, ಬಿರಿದು ಕುಸಿಯುತ್ತದೆ. ಹಾಗಾಗಿ ಮಡ್ಡಿಯ ಗರಸಿನಲ್ಲೇ, ಮನೆಯ ಮುಂದೆ ಅಥವಾ ಓಣಿಯಲ್ಲಿ, ನೀರು ನಿಲ್ಲದ ದಿನ್ನೆಯಲ್ಲಿ ತೋಡುತ್ತಿದ್ದರು. ಬಾಯಿ ಎರಡಡಿ, ಒಳಗೆ ಆರಡಿ ಅಗಲ, ಹತ್ತಡಿ ಆಳ. ಸುತ್ತಲೂ ಅರ್ಧ ಅಡಿ ಒಣ ಕಣಕಿ ಇಟ್ಟರೆ ಅಂಥದ್ದರಲ್ಲಿ ಸುಮಾರು 40 ಕ್ವಿಂಟಾಲ್ ಜೋಳ ಹಿಡಿಯುತ್ತದೆ. ಕಾಳನ್ನು ಬೇಸಿಗೆಯ ಬಿಸಿಲಿಗೆ ಒಣಗಿಸಿ, ಹಲ್ಲಲ್ಲಿ ಕಡಿದರೆ ಕಟಕ್ಕೆಂದು ಮುರಿಯುವಂತಾದ ಮೇಲೆ ತುಂಬಬೇಕು. ಬಾಯಿಗೆ ಕಣಕಿ, ಹಾಸುಗಲ್ಲು, ಮೇಲೆ ಕೆಸರು. ಒಳಗೆ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತದೆ. ಜೋಳ ವರ್ಷಗಟ್ಟಲೆ ಉಳಿಯುವುದು ಹೀಗೆ. ಗೋಡೆಗೆ ತಾಗಿದ ಕಾಳು ತುಸು ಮುಗ್ಗಲು ಹಿಡಿಯುತ್ತದೆ, ಅದನ್ನು ಬೇರೆ ತೆಗೆಯುತ್ತಿದ್ದರು. ಬಿತ್ತುವ ಬೀಜವನ್ನು ಮಾತ್ರ ಹಗೇವಿಗೆ ಹಾಕುತ್ತಿರಲಿಲ್ಲ, ಮೊಳೆಯುವ ಶಕ್ತಿ ಹೋಗುತ್ತದೆ. ಅದು ಸಗಣಿ ಬಳಿದ ಬುಟ್ಟಿಯಲ್ಲಿ ಬೂದಿಯೊಂದಿಗೆ ಇರುತ್ತಿತ್ತು.

ಹಳೇ ಹಗೇವು ಎಲ್ಲಾದರೂ ಇದ್ದರೆ ಅದರ ಗಾಳಿಯ ಬಗ್ಗೆ ಎಚ್ಚರ ಬೇಕೇಬೇಕು. ಬಾಯಿ ತೆಗೆದೊಡನೆ ಇಳಿದವರು ಒಳಗೇ ಸಾಯುತ್ತಾರೆ, ಎತ್ತಲು ಇಳಿದವರೂ ಸಾಯುತ್ತಾರೆ. ಆ ಗಾಳಿ ಭಾರವಾದ್ದರಿಂದ ತಾನಾಗಿ ಮೇಲೇಳುವುದಿಲ್ಲ. ಒಂದು ದಿನ ಪೂರ್ತಿ ತೆರೆದಿಟ್ಟು, ಬೀಸಿ ಗಾಳಿಯಾಡಿಸಿ, ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯುವ ಮಾತೇ ಇಲ್ಲ. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರು ಹಿಡಿದು ನಿಂತ ಮೇಲೆಯೇ ಇಳಿಯಬೇಕು. ಬಳಸದ ಹಗೇವನ್ನು ಗರಸು ತುಂಬಿ ಮುಚ್ಚುವುದೇ ಒಳ್ಳೆಯದು. ಓಣಿಯಲ್ಲಿ ಟ್ರ್ಯಾಕ್ಟರ್ ಹಾಯುವಾಗ ಟೊಳ್ಳಿನ ಮೇಲಿನ ನೆಲ ಕುಸಿಯುತ್ತದೆ.

ಕುಡಿಯುವ ನೀರಿನ ಮಾತು ಚಿಕ್ಕದು. ಡೋಣಿಯದೂ ಎರಿಯ ಬಾವಿಯದೂ ಸವಳು, ಸಿಹಿನೀರು ಸಿಕ್ಕರೆ ಮಡ್ಡಿಯ ಬಾವಿಯಲ್ಲಿ. ಹೆಣ್ಣುಮಕ್ಕಳು ಅದನ್ನು ಬ್ಯಾಳಿ ಬೇಯೋ ನೀರು ಎನ್ನುತ್ತಾರೆ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ತೊಗರಿಬೇಳೆ ಎಷ್ಟು ಕುದಿಸಿದರೂ ಗಟ್ಟಿಯೇ. ಈಗ ಶುದ್ಧ ನೀರಿನ ಘಟಕಗಳು ಬಂದಿವೆ, ಇಪ್ಪತ್ತು ಲೀಟರಿನ ಕ್ಯಾನು ಬೈಕಿಗೆ ಕಟ್ಟಿಕೊಂಡು ತರುತ್ತಾರೆ.

ಕಾಲುವೆ ನೀರೂ ಬಂದಿದೆ. ಆಲಮಟ್ಟಿಯ ಹಿನ್ನೀರನ್ನು ಎತ್ತುವ ಮುಳವಾಡ ಏತ ನೀರಾವರಿಯಂಥ ಯೋಜನೆಗಳಿಂದ ಹಿಂದೆ ಹಿಂಗಾರಿ ಒಂದೇ ಬೆಳೆಯಿದ್ದಲ್ಲಿ ಈಗ ಕಬ್ಬು ನಿಂತಿದೆ. ಇದು ದೊಡ್ಡ ಅನುಕೂಲ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಿಗೆ ನೀರು ಬಿಡುವವರು ಮೊದಲು ನೀರು ಬಸಿದು ಹೋಗುವ ದಾರಿ ನೋಡಿಕೊಳ್ಳಬೇಕು. ಬಸಿಗಾಲುವೆ ಇಲ್ಲದೆ ಮಡಿ ತುಂಬ ಹಾಯಿಸುತ್ತ ಹೋದರೆ ಅಂತರ್ಜಲ ಮೇಲೇರಿ, ಆಳದಲ್ಲಿ ಮಲಗಿದ್ದ ಲವಣವನ್ನೂ ಜೊತೆಗೆ ತರುತ್ತದೆ. ನೆಲದಿಂದ ಐದಾರು ಅಡಿಗೆ ನೀರು ಬಂತೆಂದರೆ ಬೇಸಿಗೆಯಲ್ಲಿ ಹೊಲವೂ ಹೊಳೆಸಾಲಿನಂತೆ ಬೆಳ್ಳಗಾಗುತ್ತದೆ. ಮೊದಲ ಗುರುತು ಕಬ್ಬಿನ ನಡುವೆ ಗುಂಡಗೆ ಕಾಣುವ ಬೋಳು. ಆ ಬೋಳಿನ ಮಣ್ಣನ್ನು ಪರೀಕ್ಷೆಗೆ ಕೊಟ್ಟು, ರಸಸಾರ (ಪಿಎಚ್) 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಪರೀಕ್ಷೆ ಮಾಡಿದವರು ಹೇಳಿದ ಲೆಕ್ಕದಷ್ಟು ಜಿಪ್ಸಂ ಮೇಲಿನ ನಾಲ್ಕಿಂಚಿನಲ್ಲಿ ಬೆರೆಸಿ, ಸಿಹಿನೀರು ನಿಲ್ಲಿಸಿ, ಬಸಿಗಾಲುವೆಗೆ ಬಿಡಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಹೊರಗೆ ಹೋಗಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಸುರಿದರೆ ದುಡ್ಡು ದಂಡ. ಮುಂದಿನ ಹಂಗಾಮಿಗೆ ಹಸಿರೆಲೆ ಗೊಬ್ಬರದ ಡಯಂಚಾ ಬಿತ್ತಿ ಹೂವಾಗುವ ಮುಂಚೆ ಮಣ್ಣಿಗೆ ಸೇರಿಸುವುದು ಒಳ್ಳೆಯದು, ಅದು ಸವಳನ್ನು ತಾಳಿಕೊಂಡು ಬೆಳೆಯುತ್ತದೆ.

ಜಿಪ್ಸಂ ಚೀಲಗಳನ್ನು ಮಳೆಯಿಂದ ಕಾಯಲಿಕ್ಕೆ ಕೆಲವರು ಮಾಳಿಗಿಯ ಮೇಲೆ ಏರಿಸಿ ತಾಡಪತ್ರಿ ಹೊದಿಸುತ್ತಾರೆ. ಹಾಗೆ ಮಾಡಬೇಡಿ. ಚೀಲ ಹರಿದು ಉದುರಿದ ಜಿಪ್ಸಂ ಮಳೆಯಲ್ಲಿ ಕರಗಿ ಮಾಳಿಗಿಯ ಸವಳಿನ ಸೋಡಿಯಂ ಅನ್ನೂ ಹೊರಗೆ ಹಾಕುತ್ತದೆ, ಉದುರಿದ ಜಾಗದಲ್ಲೇ ಮಾಳಿಗಿ ಸೋರಲು ಶುರುವಾಗುತ್ತದೆ. ಈಗಾಗಲೇ ಉದುರಿದ್ದರೆ ಅಷ್ಟು ಜಾಗದ ಎರಡಿಂಚು ಮಣ್ಣನ್ನು ಪೂರ್ತಿ ಕೆಬರಿ ತೆಗೆದು, ಹೊಳೆಸಾಲಿನಿಂದ ಹೊಸ ಸವಳು ತಂದು, ಲೋಟದ ಪರೀಕ್ಷೆ ಮಾಡಿ, ಬಡಿದು ಕೂಡಿಸಿ.